ವೋಲ್ಕರ್‌ನ ಕಾರ್ಡು

ಲುಟ್ಸ್‌ನ ಗ್ಲೈಡರಿನಲ್ಲಿ, ಎಂಜಿನ್ ಇಲ್ಲದ ಆ ಪುಟ್ಟ ವಿಮಾನದಲ್ಲಿ, ದಾರಿ ತೋರಿಸುವ ಒಳ್ಳೆಯ ಯಂತ್ರವಿರಲಿಲ್ಲ. ಆಸ್ಪತ್ರೆಯಲ್ಲಿ ಅವನು ಮಲಗಿದ್ದ ವಾರ್ಡಿನ ಕೆಲಸ ಮುಗಿಸಿ ನಾನು ಬಸ್ಸಿಗೆ ನಿಂತಿದ್ದಾಗ, ಪಕ್ಕದಲ್ಲಿ ಅವನ ಹೆಂಡತಿ ಹೈಕೆ ಗ್ಲೈಡರ್ ಕ್ಲಬ್ಬಿನ ಗೆಳೆಯನನ್ನು ಕೇಳುತ್ತಿದ್ದಳು.

"ಪುಸ್ತಕ ಓದೋ ಅವನ ಹಳೇ ಇ-ರೀಡರ್‌ಗೆ ಆಲ್ಪ್ಸ್ ನಕ್ಷೆ ಹಾಕಿಕೊಟ್ಟಿದ್ದು ನೀನೇ ತಾನೇ, ವೋಲ್ಕರ್?"

"ಹೂಂ. ನನ್ನ ಮೆಮೊರಿ ಕಾರ್ಡನ್ನೇ ನಕಲು ಮಾಡ್ದೆ."

"ನಿನ್ನ ಗ್ಲೈಡರ್ ಎಷ್ಟು ದೂರ ಹೋಗುತ್ತೆ ಅನ್ನೋ ಲೆಕ್ಕಾನೂ ಸೇರಿಸಿ?"

"ಅದನ್ನ ಬದಲಾಯಿಸೋದು ಮರೆತೆ. ನಂದು ಉದ್ದ ರೆಕ್ಕೇದು, ತುಂಬ ದೂರ ತೇಲುತ್ತೆ."

"ಅವನದು ಮರದ ಪೆಟ್ಟಿಗೆ ಅಂತ ನೀನೇ ಅಣಕಿಸ್ತಿದ್ದೆ."

"ಹೌದು."

"ಗುಡ್ಡ ದಾಟಬಹುದು ಅಂತ ತೋರಿಸ್ತಂತೆ. ನಂಬಿಬಿಟ್ಟ."

ಹೈಕೆ ಅವನತ್ತ ತಿರುಗಿದಳು.

"ಇನ್ನೂ ಎಷ್ಟು ಜನಕ್ಕೆ ಕೊಟ್ಟಿದೀಯ ಆ ಕಾರ್ಡು?"

"ಆರು ಜನಕ್ಕೆ."

"ಇವತ್ತು ಬಿಸಿಲಿದೆ ಕಣೋ, ಹಾರಕ್ಕೆ ಹೋಗಿರ್ತಾರೆ. ಫೋನ್ ಮಾಡು!"

ಬಸ್ಸು ಬಂತು. ಹೈಕೆ ಹತ್ತಿದಳು. ವೋಲ್ಕರ್ ನಿಂತಲ್ಲೇ ನಂಬರು ಒತ್ತುತ್ತಿದ್ದ.

ಲುಟ್ಸ್ ಕಳೆದುಕೊಂಡದ್ದು ಒಂದು ಗ್ಲೈಡರ್, ಎರಡೂ ಕಾಲು.