ಅಪೆನಿಸನ ಮೊದಲನೇ ಸಲಹೆ

ಶನಿವಾರ ಮಧ್ಯಾಹ್ನ ಸುವಾ ಪಟ್ಟಣದ ರೊಟ್ಟಿ ಅಂಗಡಿಯ ಸಾಲಿನಲ್ಲಿ ವಿಲಿಕೇಸನ ಮುಂದೆ ಎಂಬಿಎ ತರಗತಿಯ ಒಬ್ಬ ಹುಡುಗ, ಒಬ್ಬಳು ಹುಡುಗಿ ನಿಂತಿದ್ದರು. ನೌಕರಿಯೂ ಬೇಕು, ಓದೂ ಬೇಕು ಎನ್ನುವ ಪೈಕಿ. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ವಿಲಿಕೇಸನಿಗೆ ಅವರ ಇಸ್ತ್ರಿ ಅಂಗಿ ಕಂಡೇ ಮೈ ಉರಿಯಿತು. ಕಿವಿ ಮಾತ್ರ ಅತ್ತಲೇ ಇತ್ತು.

“ಯಾಕೋ ಅಪೆನಿಸ, ಮುಖ ಹಿಂಗಾಗಿದೆ? ನಿನ್ನ ವರದಿಗೇ ಅಲ್ವಾ ಹೆಚ್ಚು ಅಂಕ?”

“ಅದೇ ಗ್ರಹಚಾರ, ಮೆರೆಸೇನಿ. ಫೀಸು ಕಟ್ಟೋನು ನಮ್ಮ ಬಾಸು. ತರಿಸ್ಕೊಂಡು ಓದ್ಬಿಟ್ಟ.”

“ಓದ್ಲಿ ಬಿಡು.”

“ನಮ್ಮ ಬಿಸ್ಕತ್ತು ಕಾರ್ಖಾನೆಗೆ ಉಪ ಮ್ಯಾನೇಜರ್ ದಂಡ, ಆ ಹುದ್ದೆ ತೆಗೀರಿ ಅಂತ ಬರೆದಿದ್ದೆ.”

“ಉಪ ಮ್ಯಾನೇಜರ್ ನೀನೇ ಅಲ್ವೇನೋ ಪೆದ್ದು!”

“ವರದೀಲಿ ಕಾರ್ಖಾನೆ ಹೆಸರು ಬದಲಾಯಿಸಿದ್ನಲ್ಲ, ಬರೀತಾ ಬರೀತಾ ಇನ್ಯಾರದೋ ಅನ್ನಿಸ್ಬಿಡ್ತು. ಬಾಸು ‘ಭೇಷ್, ಸೋಮವಾರದಿಂದ್ಲೇ ಜಾರಿ’ ಅಂದ.”

“ಅಳ್ಬೇಡ. ಸೋಮವಾರ ಕಾರ್ಖಾನೆಗೆ ಅರೆದು ಕುಡಿಯೋ ಕಾವಾ ಬೇರು ಒಂದು ಕಟ್ಟು ತಗೊಂಡು ಹೋಗು. ಬಾಸಿನ ಮುಂದಿಟ್ಟು ತಪ್ಪಾಯ್ತು ಅನ್ನು. ಕಾವಾ ಇಟ್ಟು ಕೇಳಿದೋನಿಗೆ ನಮ್ಮಲ್ಲಿ ಯಾರು ಇಲ್ಲ ಅಂತಾರೆ?”

“ಆಗಲ್ಲ ಕಣೇ.”

“ಯಾಕೆ?”

“ಕುಡಿದೋರು ತೂಕಡಿಸ್ತಾರೆ, ಕಾರ್ಖಾನೆಯೊಳಗೆ ಕಾವಾ ತರಬಾರದು ಅನ್ನೋದೇ ಆ ವರದೀಲಿ ನನ್ನ ಮೊದಲನೇ ಸಲಹೆ. ಅದು ನಿನ್ನೆಯಿಂದ್ಲೇ ಜಾರಿ.”

ರೊಟ್ಟಿ ಪೊಟ್ಟಣ ಕೈಗೆ ಬಂತು. ಮೆರೆಸೇನಿ ನಗು ತಡೆಯಲಾರದೆ ಅವನ ತೋಳು ಹಿಡಿದು ತರಗತಿಯತ್ತ ಎಳೆದುಕೊಂಡು ಹೋದಳು.