ಸಾವಿನ ಮನೆಯವನ ಕ್ರಿಸ್‌ಮಸ್

ಹುಣಸೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ರಾವಂದೂರು ಬಸ್ಸಿಗೆ ಕಾಯುತ್ತ ಮಲ್ಲಾಜಮ್ಮ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕುತ್ತಿದ್ದಳು. ಪಕ್ಕದಲ್ಲಿ ಕೂತ ಅಪ್ಪ ಮಗಳ ಜಗಳ ಬೇಡಬೇಡವೆಂದರೂ ಅವಳ ಕಿವಿಗೆ ಬೀಳುತ್ತಿತ್ತು.

“ಚೀನಾಕ್ಕೆ ಕಳಿಸಿದ್ದು ಡಾಕ್ಟರ್ ಓದಕ್ಕೆ. ನಿಮ್ಮಣ್ಣ ಅಲ್ಲಿ ಕ್ರಿಸ್‌ಮಸ್ ಮಾಡವ್ನೆ!”

“ಹೊರದೇಶದ ಹುಡುಗ್ರೆಲ್ಲ ಸೇರಿ ಮಾಡವ್ರೆ ಕಣಪ್ಪ. ಯತೀಶಣ್ಣ ಒಬ್ನೇ ಅಲ್ಲ.”

“ಯಾರಾನ ಮಾಡ್ಲಿ. ನಮ್ಮವ್ವ ಸತ್ತು ವರ್ಷ ತುಂಬಿಲ್ಲ. ಗೌರಿಹಬ್ಬಕ್ಕೂ ಒಲೆ ಮ್ಯಾಲೆ ಬಾಂಡ್ಲಿ ಇಟ್ಟಿಲ್ಲ ನಾವು. ಇವನು ಕೇಕ್ ತಿಂತಾನಾ?”

“ಅಜ್ಜಿ ಸತ್ತಿದ್ದನ್ನ ಅವ್ನಿಗೆ ಹೇಳೇ ಇಲ್ವಲ್ಲ ನೀನು.”

“ಪರೀಕ್ಷೆ ಮುಗೀಲಿ ಅಂತ ಸುಮ್ಕಿದ್ದೆ. ಈಗ ಹೇಳ್ತೀನಿ. ನಡಿ, ಆ ಬೂತಿಂದ್ಲೇ ಫೋನ್ ಹಾಕು.”

“ಬ್ಯಾಡ. ಅವ್ನಿಗೆ ಗೊತ್ತು. ಫೋನಲ್ಲಿ ನಂಗೆ ಹೇಳ್ದ.”

“ಅವ್ನಿಗ್ಯಾರ್ ಹೇಳಿದ್ದು? ನೀನಾ?”

“ಯಾರೂ ಇಲ್ಲ. ಪ್ರತಿ ಸಲ ಅಜ್ಜಿ ಮಲಗವ್ಳೆ, ಅಜ್ಜಿ ಹೊಲಕ್ಕೋಗವ್ಳೆ ಅಂತಿದ್ರೆ ತಿಳಿಯಾಕಿಲ್ವಾ?”

“ತಿಳಿದೂ ಹಬ್ಬ ಮಾಡಿದ್ನಾ!” ಅಪ್ಪನ ದನಿಗೆ ಕಂಡಕ್ಟರೊಬ್ಬ ತಿರುಗಿ ನೋಡಿದ.

“ಹಾಸ್ಟೆಲಲ್ಲಿ ಕಡ್ಡಿ ಗೀರಂಗಿಲ್ಲ ಕಣಪ್ಪ. ಹೊರದೇಶದವರ ಹಬ್ಬ ಅಂತ ಆವತ್ತೊಂದಿನ ಮಾತ್ರ ಮೇಣದಬತ್ತಿ ಹಚ್ಚಕ್ಕೆ ಬುಡ್ತಾರಂತೆ. ಆ ಬತ್ತಿ ಮುಂದೆ ಅಜ್ಜಿಗೆ ಎಡೆ ಇಟ್ಟನಂತೆ.”

ಅವರು ಕಾಯುತ್ತಿದ್ದ ಹ್ಯಾಂಡ್‌ಪೋಸ್ಟ್ ಊರಿನ ಬಸ್ಸು ಬಂತು. ಮಗಳು ಚೀಲ ಎತ್ತಿಕೊಂಡಳು.

“ಎಡೆಗೆ ಏನಿಟ್ಟಿದ್ನಂತೆ?” ಅಪ್ಪ ಕೇಳಿದ.

“ಕೇಕು. ಅಜ್ಜಿಗೆ ಇಷ್ಟ ಅಂತ ಹೊಗೆಸೊಪ್ಪು ಹುಡುಕಿದ್ನಂತೆ, ಎಲ್ಲೂ ಸಿಗ್ಲಿಲ್ಲ. ಒಂದು ಸಿಗರೇಟ್ ಬಿಚ್ಚಿ, ಅದರ ಪುಡಿ ಇಟ್ಟನಂತೆ.”

ಅವರ ಬಸ್ಸು ಹೋದ ಮೇಲೂ ಮಲ್ಲಾಜಮ್ಮನ ಹೊಗೆಸೊಪ್ಪು ಬಾಯಿಗೆ ಹೋಗದೆ ಅಂಗೈಯಲ್ಲೇ ಇತ್ತು.