ಅವರ ಹತ್ತು ಗಂಟೆ

ಕನ್ನಡಕದ ಅಂಗಡಿಯಲ್ಲಿ ಕಾಯುತ್ತಿದ್ದ ಗ್ರಂಥಪಾಲಕಿಗೆ, ಬೇರೆಯವರ ಮಾತು ಕೇಳಬಾರದೆಂದು ಗೊತ್ತಿದ್ದರೂ, ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತು ಕಿವಿಗೆ ಬಿತ್ತು. ತಮ್ಮನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಅದರ ಕಪ್ಪು ಪರದೆಯಲ್ಲಿ ಒಂದೆರಡು ಸಾಲು ಅಕ್ಷರ.

“ಆ ದೇಶದವರ ಬೆಳಿಗ್ಗೆ ಹತ್ತು ಅಂದ್ರೆ ನಮಗೆ ಎಷ್ಟೋ? ಇವತ್ತೇ ಕಣೋ ನನ್ನ ವಿಡಿಯೋ ಇಂಟರ್‌ವ್ಯೂ.”

“ಕಂಪ್ಯೂಟರ್‌ಗೆ ಕಮಾಂಡ್ ಕೊಟ್ಟೆ ಅಕ್ಕ. ನಮಗೂ ಬೆಳಿಗ್ಗೆ ಹತ್ತೇ.”

“ಅಯ್ಯೋ, ಈಗ ಮೂರು ಗಂಟೆ ಹತ್ತು ನಿಮಿಷ! ಮುಗಿದೇ ಹೋಯ್ತಾ? ರಾತ್ರಿ ಎಂಟಕ್ಕೆ ಅಂತ ನೀನೇ ಹೇಳಿದ್ಯಲ್ಲೋ!”

“ಅದು ಅಂದಾಜು. ಇದು ಕಂಪ್ಯೂಟರ್ ಲೆಕ್ಕ.”

“ಅಷ್ಟು ದೂರದ ಊರಲ್ಲೂ ಇಲ್ಲೂ ಒಂದೇ ಟೈಮಾ? ಸೂರ್ಯನಿಗೆ ನೀನೇ ಡ್ಯೂಟಿ ಹಾಕ್ತೀಯಾ? ಏನಂತ ಬರೆದೆ, ಹೇಳು.”

“ಮೊದಲು ಅವರ ಊರು ಬರೆದೆ. ಆಮೇಲೆ ಹತ್ತು ಗಂಟೆ ಅಂತ ಬರೆದೆ.”

“ಅಂದ್ರೆ ಕಂಪ್ಯೂಟರನ್ನೇ ಅವರ ಊರಲ್ಲಿ ಕೂರಿಸಿ, ಹತ್ತು ಗಂಟೆ ಅಂದ್ರೆ ಎಷ್ಟು ಗಂಟೆ ಅಂತ ಕೇಳಿದ್ದೀಯ. ಹತ್ತು ಅನ್ನದೆ ಅದಿನ್ನೇನು ಹೇಳುತ್ತೆ, ಪೆದ್ದು!”

ತಮ್ಮ ತಲೆ ಕೆರೆದುಕೊಂಡ. “ಊರನ್ನ ಕೋಟ್ ಮಾರ್ಕ್ ಒಳಗೆ, ಹತ್ತರ ಜೊತೆಗೇ ಬರೀಬೇಕಿತ್ತು. ಆಗ ಹತ್ತು ಅವರದು, ಉತ್ತರ ನಮ್ಮ ಟೈಮಲ್ಲಿ.”

“ಬರಿ ಮತ್ತೆ!”

ಕೀಲಿಗಳು ಟಪಟಪ ಎಂದವು.

“ಮಧ್ಯಾಹ್ನ ಮೂರೂವರೆ.”

“ಇವತ್ತಾ?”

“ಇವತ್ತೇ. ಇನ್ನೂ ಇಪ್ಪತ್ತು ನಿಮಿಷ ಇದೆ.”

“ಮನೆಗೆ ಹೋಗೋಕೇ ಮುಕ್ಕಾಲು ಗಂಟೆ ಬೇಕಲ್ಲೋ!”

“ಮೆಟ್ಟಿಲ ಹತ್ರ ಬಿಳಿ ಗೋಡೆ ಇದೆ, ಬಾ. ಲ್ಯಾಪ್‌ಟಾಪ್ ನಾನು ಹಿಡ್ಕೋತೀನಿ.”

“ಕೈ ನಡುಗಿತೋ, ಜೋಕೆ!”

ಇಬ್ಬರೂ ಎದ್ದು ಓಡಿದರು. ಗ್ರಂಥಪಾಲಕಿ ಅವರ ಪರವಾಗಿ ಗಡಿಯಾರ ನೋಡುತ್ತ ಕುಳಿತಳು. ಸರಿಯಾಗಿ ಮೂರೂವರೆಗೆ, ಮೆಟ್ಟಿಲ ಕಡೆಯಿಂದ, ಈವರೆಗೆ ಗದರುತ್ತಿದ್ದ ಅದೇ ದನಿ ಬೆಣ್ಣೆಯಂತೆ ನಯವಾಗಿ, “ಗುಡ್ ಮಾರ್ನಿಂಗ್ ಸರ್” ಎಂದಿತು.